ಥಾಮಸ್ ಕಥೆಯ ಸಣ್ಣ ಇಂಜಿನ್‌ಗಳು ಆಮೇಲೆ ಏನಾದವು?

ಮುಖವಿದ್ದು ಮಾತಾಡುವ ರೈಲು ಇಂಜಿನ್‌ಗಳ ಮಕ್ಕಳ ಕಥೆ 'ಥಾಮಸ್' ಬಗ್ಗೆ ನೀವು ಕೇಳಿದ ಪ್ರಶ್ನೆ ಓದಿ ನಗು ಬಂತು. "ಥಾಮಸ್, ಪರ್ಸಿ, ಗೋರ್ಡನ್ ಎಲ್ಲರಿಗೂ ಗೊತ್ತು. ಆದರೆ ಒಂದೇ ಕಥೆಯಲ್ಲಿ ಬಂದು ಮತ್ತೆ ಕಾಣಿಸದ ಇಂಜಿನ್‌ಗಳು ಎಲ್ಲಿ ಹೋದವು ಅಂತ ಮಗ ಕೇಳ್ತಾನೆ, ಏನು ಹೇಳಲಿ?" ಅಂದಿದ್ದೀರಿ. ನಮ್ಮ ಮನೆಯಲ್ಲೂ ಇದೇ ಕಾಟ ಇತ್ತು. ಮಗಳಿಗೆ ಆಗ ಐದು ವರ್ಷ. ಥಾಮಸ್ ಬಗ್ಗೆ ಅವಳಿಗೆ ಅಷ್ಟೇನೂ ಚಿಂತೆ ಇರಲಿಲ್ಲ. ಚಿತ್ರದ ಮೂಲೆಯಲ್ಲಿ ಅರ್ಧ ಮುಖ ಕಾಣಿಸುವ ಇಂಜಿನ್ ಮೇಲೆ ಬೆರಳಿಟ್ಟು, "ಅಪ್ಪಾ, ಇದು ಯಾರು? ಇದಕ್ಕೆ ಏನಾಯ್ತು?" ಅನ್ನುತ್ತಿದ್ದಳು.

ಟೀವಿ ಸರಣಿ ಮಾತ್ರ ನೋಡಿದರೆ ಇದಕ್ಕೆ ಉತ್ತರ ಅಷ್ಟಾಗಿ ಸಿಗಲ್ಲ. ಪುಸ್ತಕ ಓದಬೇಕು. ಓದಿದರೆ ಕೆಲವು ಕಡೆ ಕರುಳು ಚುರ್ ಅನ್ನುತ್ತೆ, ಅದಕ್ಕೂ ತಯಾರಿರಿ.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ಇದನ್ನು ಬರೆದವರು ಇಂಗ್ಲೆಂಡಿನ ಪಾದ್ರಿ ವಿಲ್ಬರ್ಟ್ ಆಡ್ರಿ. 1943ರಲ್ಲಿ ಮಗನಿಗೆ ದಡಾರ ಬಂದು ಮಲಗಿದ್ದಾಗ ಹೇಳಿದ ಕಥೆಗಳು 1945ರಲ್ಲಿ ಪುಸ್ತಕವಾದವು. ಅದರಲ್ಲಿ ಥಾಮಸ್ ಇಲ್ಲವೇ ಇಲ್ಲ! ಅವನು ಬಂದದ್ದು 1946ರ ಎರಡನೇ ಪುಸ್ತಕದಲ್ಲಿ. 1972ರವರೆಗೆ ಅಪ್ಪ 26 ಪುಸ್ತಕ ಬರೆದರು. 1983ರಿಂದ ಮಗ ಕ್ರಿಸ್ಟೊಫರ್ ಮುಂದುವರಿಸಿದರು. ನನಗೆ ಇವೆಲ್ಲ ಸಿಕ್ಕಿದ್ದು ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಯಲ್ಲಿ, ಒಂದೇ ದಪ್ಪ ಸಂಪುಟವಾಗಿ. ತೂಕ ಎಷ್ಟಿತ್ತೆಂದರೆ ಮಲಗಿಕೊಂಡು ಓದಿದರೆ ಎದೆ ನೋಯುತ್ತಿತ್ತು.

ಆಡ್ರಿಗೆ ಒಂದು ಹಟ ಇತ್ತು. ಕಥೆಯಲ್ಲಿ ನಡೆಯುವುದು ಎಲ್ಲಾದರೂ ಒಂದು ನಿಜವಾದ ರೈಲ್ವೆಯಲ್ಲಿ ನಡೆದಿರಬೇಕು. ನಿಜವಾದ ರೈಲ್ವೆಯಲ್ಲಿ ಇಂಜಿನ್ ಬೀಳುತ್ತೆ, ಗುಜರಿಗೆ ಹೋಗುತ್ತೆ. ಥಾಮಸ್‌ನನ್ನು ಗುಜರಿಗೆ ಹಾಕೋಕೆ ಆಗಲ್ಲ, ಮಕ್ಕಳು ಬಿಡಲ್ಲ. ಹಾಗಾಗಿ ಆ ಪೆಟ್ಟೆಲ್ಲ ಸಣ್ಣ ಪಾತ್ರಗಳ ತಲೆಗೆ ಬೀಳುತ್ತೆ ಅಂತ ನನ್ನ ಲೆಕ್ಕ.

ಉದಾಹರಣೆಗೆ ನಂಬರ್ 2. ಟೀವಿಯವರು ಅದಕ್ಕೆ ಸ್ಮಡ್ಜರ್ ಅಂತ ಹೆಸರಿಟ್ಟರು. 1970ರ ಪುಸ್ತಕದಲ್ಲಿ ಡ್ಯೂಕ್ ಎಂಬ ಮುದಿ ಇಂಜಿನ್, ಎರಡು ಪುಂಡ ಮರಿ ಇಂಜಿನ್‌ಗಳಿಗೆ ಇದರ ಕಥೆ ಹೇಳುತ್ತೆ. ನಂಬರ್ 2 ಜೋರಾಗಿ ಓಡುತ್ತಿತ್ತು, ಪದೇಪದೇ ಹಳಿ ತಪ್ಪುತ್ತಿತ್ತು, ಬುದ್ಧಿ ಹೇಳಿದರೆ ನಗುತ್ತಿತ್ತು. ಕೊನೆಗೆ ಮ್ಯಾನೇಜರ್ ಬಂದು, ಇನ್ನು ನಿನ್ನನ್ನು ಉಪಯೋಗಕ್ಕೆ ತರ್ತೀನಿ ಅಂದರು. ಆಗ ನಗು ನಿಂತಿತು. ಅದನ್ನು ನೀರೆತ್ತುವ ಪಂಪ್‌ಗೆ ಹಚ್ಚಿದರು. ಈಗಲೂ ನಮ್ಮ ಶೆಡ್ಡಿನ ಹಿಂದೆಯೇ ಇದೆ ಅಂತ ಡ್ಯೂಕ್ ತಣ್ಣಗೆ ಹೇಳಿ ಮುಗಿಸುತ್ತೆ. ನಾಲ್ಕೈದು ಸಾಲು, ಅಷ್ಟೇ. ಮಗಳು ಆ ರಾತ್ರಿ ಮಾತಾಡಲಿಲ್ಲ.

ಮಾರನೇ ದಿನ ಅವಳು ನಮ್ಮಪ್ಪನ ಹತ್ತಿರ ದೂರು ತಗೊಂಡು ಹೋದಳು. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಕಥೆ ಪೂರ್ತಿ ಕೇಳಿ, "ಪಂಪಿಗೆ ಹಚ್ಚಿದ್ರ ಏನಾತವಾ? ಬಾಯ್ಲರ್ ಜೀವಂತ ಐತಲ್ಲ. ಕಂಡಮ್ ಮಾಡೂದಕ್ಕಿಂತ ಪಾಡ" ಅಂದರು. ಕಂಡಮ್ ಅಂದರೆ ಗುಜರಿಗೆ ಹಾಕೋದು. ಗಾಲಿ ಕೆಟ್ಟರೂ ಬಾಯ್ಲರ್ ಚೆನ್ನಾಗಿದ್ದರೆ ಅದನ್ನು ಒಂದೇ ಕಡೆ ನಿಲ್ಲಿಸಿ ಹಬೆ ತೆಗೆಯೋದು ಹಿಂದೆ ಮಾಮೂಲಿ ಅಂತೆ. ನಾನು ಶಿಕ್ಷೆ ಅಂದುಕೊಂಡಿದ್ದು ಅಪ್ಪನಿಗೆ ಬೇರೆ ಡ್ಯೂಟಿ ಕೊಟ್ಟ ಹಾಗೆ ಕಂಡಿತ್ತು. ನಿಮ್ಮ ಮಗ ಅತ್ತರೆ ಇದನ್ನೇ ಹೇಳಿ, ಕೆಲಸ ಮಾಡುತ್ತೆ.

ಕಥೆ ಹೇಳಿದ ಡ್ಯೂಕ್‌ನ ಪಾಡೂ ಆಮೇಲೆ ಕಷ್ಟವೇ. ಅದರ ರೈಲ್ವೆ ಮುಚ್ಚಿಹೋಯಿತು. ಮರಿ ಇಂಜಿನ್‌ಗಳನ್ನು ಯಾರೋ ಕೊಂಡರು, ಮುದುಕನನ್ನು ಯಾರೂ ಕೇಳಲಿಲ್ಲ. ಶೆಡ್ಡಿನಲ್ಲಿ ಮುಚ್ಚಿಟ್ಟು ಹೋದರು. ಶೆಡ್ಡಿನ ಮೇಲೆ ಗಿಡಬಳ್ಳಿ ಬೆಳೆದು ಎಲ್ಲಿದೆ ಅಂತಲೇ ಗೊತ್ತಾಗದ ಹಾಗಾಯಿತು. ಎಷ್ಟೋ ವರ್ಷದ ಮೇಲೆ ತೆಳ್ಳಗಿನ ಒಬ್ಬ ಪಾದ್ರಿ, ದಪ್ಪಗಿನ ಇನ್ನೊಬ್ಬ ಪಾದ್ರಿ ಹುಡುಕುತ್ತಾ ಬರುತ್ತಾರೆ. ಅವರಲ್ಲಿ ದಪ್ಪಗಿದ್ದವರು ಶೆಡ್ಡಿನ ಮಾಡು ಮುರಿದುಕೊಂಡು ನೇರ ಒಳಗೆ ಬೀಳುತ್ತಾರೆ! ಡ್ಯೂಕ್ ಸಿಕ್ಕಿದ್ದು ಹಾಗೆ. ಆ ತೆಳ್ಳಗಿನ ಪಾದ್ರಿ ಸ್ವತಃ ಆಡ್ರಿಯೇ. ದಪ್ಪಗಿನವರು ಅವರ ಗೆಳೆಯ, ಟೆಡ್ಡಿ ಬಾಸ್ಟನ್ ಎಂಬ ರೈಲು ಹುಚ್ಚಿನ ಇನ್ನೊಬ್ಬ ಪಾದ್ರಿ. ಗೆಳೆಯನನ್ನು ಹೀಗೆ ಪುಸ್ತಕದಲ್ಲಿ ಮಾಡಿನಿಂದ ಬೀಳಿಸೋದು ಅಂದರೆ ಎಷ್ಟು ಸಲಿಗೆ ಇರಬೇಕು ನೋಡಿ.

ಆ ಮರಿ ಇಂಜಿನ್‌ಗಳಿಗೂ ನಿಜದ ಜೋಡಿ ಇವೆ. ವೇಲ್ಸ್‌ನ ಕಾರಿಸ್ ಎಂಬ ಪುಟ್ಟ ರೈಲ್ವೆ 1948ರಲ್ಲಿ ಮುಚ್ಚಿತು. ಉಳಿದಿದ್ದ ಎರಡು ಇಂಜಿನ್‌ಗಳನ್ನು 1951ರಲ್ಲಿ ಪಕ್ಕದ ಟಾಲಿಥ್ಲಿನ್ ರೈಲ್ವೆಯವರು ಕೊಂಡರು. ಊರವರೂ ಉತ್ಸಾಹಿಗಳೂ ಸೇರಿ, ಸಂಬಳವಿಲ್ಲದೆ ದುಡಿದು ಉಳಿಸಿಕೊಂಡ ರೈಲು ಅದು. ಆಡ್ರಿ ಅಲ್ಲಿ ಹೋಗಿ ಸುಮ್ನೆ ನೋಡಿ ಬಂದವರಲ್ಲ, ತಾವೂ ಕೆಲಸ ಮಾಡಿದವರು.

ಇನ್ನು ಗಾಡ್ರೆಡ್. ಇಡೀ ಸರಣಿಯಲ್ಲಿ ಇದರಷ್ಟು ಭಯ ಹುಟ್ಟಿಸುವ ಕಥೆ ನನಗಂತೂ ಸಿಕ್ಕಿಲ್ಲ. 1964ರ ಪುಸ್ತಕದಲ್ಲಿ ಬೆಟ್ಟ ಹತ್ತುವ ಇಂಜಿನ್‌ಗಳು ಬರುತ್ತವೆ. ಅವುಗಳಲ್ಲಿ ಒಂದಾದ ಕಲ್ಡೀ, ತನ್ನ ಹಳೇ ಜೊತೆಗಾರ ಗಾಡ್ರೆಡ್‌ನ ಕಥೆ ಹೇಳುತ್ತೆ. ಗಾಡ್ರೆಡ್‌ಗೆ ಜಂಬ. ದಾರಿ ನೋಡದೆ ಇಳಿಯುತ್ತಿತ್ತು, ಹೇಗೂ ಬ್ರೇಕ್ ಇದೆಯಲ್ಲ ಅನ್ನುವ ಧೈರ್ಯ. ಒಂದು ದಿನ ಹಿಡಿತ ತಪ್ಪಿ ಉರುಳಿತು. ರಿಪೇರಿ ಮಾಡಿಸೋಕೆ ದುಡ್ಡಿರಲಿಲ್ಲ. ಶೆಡ್ಡಿನ ಹಿಂದೆ ನಿಲ್ಲಿಸಿದರು. ಬೇರೆ ಇಂಜಿನ್‌ಗೆ ಏನಾದರೂ ಬೇಕಾದಾಗೆಲ್ಲ ಇದರಿಂದ ಒಂದೊಂದು ಭಾಗ ಬಿಚ್ಚಿದರು. ಬಿಚ್ಚುತ್ತಾ ಬಿಚ್ಚುತ್ತಾ ಕೊನೆಗೆ ಗಾಡ್ರೆಡ್ ಅಂತ ಏನೂ ಉಳಿಯಲಿಲ್ಲ.

ಇದೂ ಗಾಳಿಯಿಂದ ಬಂದದ್ದಲ್ಲ. ವೇಲ್ಸ್‌ನ ಸ್ನೋಡನ್ ಬೆಟ್ಟದ ರೈಲು ಶುರುವಾದದ್ದು 1896ರ ಏಪ್ರಿಲ್ 6ರಂದು. ಅದೇ ದಿನ ಅದರ ಒಂದನೇ ನಂಬರಿನ ಇಂಜಿನ್ 'ಲಾಡಾಸ್' ಇಳಿಯುವಾಗ ಹಲ್ಲಿನ ಪಟ್ಟಿಯಿಂದ ಕಳಚಿಕೊಂಡು ಓಡಿ, ತಿರುವಿನಲ್ಲಿ ಕಣಿವೆಗೆ ಬಿತ್ತು. ಡಬ್ಬಿಗಳ ಬ್ರೇಕ್ ತಾನಾಗಿ ಬಿದ್ದು ಅವು ಉಳಿದವು. ಹೆದರಿ ಹಾರಿದ ಒಬ್ಬ ಪ್ರಯಾಣಿಕ ಮಾತ್ರ ತೀರಿಕೊಂಡ. ಮತ್ತೆ ರೈಲು ಓಡಿದ್ದು ಮರುವರ್ಷ, ಹಳಿಗೆ ಇಂಜಿನ್ ಕಚ್ಚಿಕೊಂಡೇ ಇರುವ ಹಾಗೆ ಹೊಸ ಏರ್ಪಾಡು ಮಾಡಿದ ಮೇಲೆ.

ಹಲ್ಲಿನ ಪಟ್ಟಿ ಅಂದರೆ ಏನು ಅಂತ ಮಗನಿಗೆ ತೋರಿಸಬೇಕಾದರೆ ವೇಲ್ಸ್‌ಗೆ ಹೋಗಬೇಕಿಲ್ಲ. ನಮ್ಮ ಊಟಿ ರೈಲಿನಲ್ಲಿ ಕಲ್ಲಾರ್‌ನಿಂದ ಕೂನೂರಿನ ಏರಿನಲ್ಲಿ ಎರಡು ಹಳಿಯ ನಡುವೆ ಇರೋದು ಅದೇ. ಇಂಜಿನ್ನಿನ ಕೆಳಗಿನ ಹಲ್ಲುಗಾಲಿ ಅದನ್ನು ಹಿಡಿದುಕೊಂಡು ಹತ್ತುತ್ತೆ. ಎರಡೂ ಕಡೆ ಇರುವುದು ಸ್ವಿಟ್ಜರ್ಲೆಂಡಿನ ರೋಮನ್ ಆಪ್ಟ್ ಕಂಡುಹಿಡಿದ ಪದ್ಧತಿ. ಎರಡೂ ಕಡೆಯ ಹಳೇ ಹಬೆ ಇಂಜಿನ್‌ಗಳು ಬಂದದ್ದೂ ಸ್ವಿಸ್ ಊರಾದ ವಿಂಟರ್‌ಟೂರ್‌ನ ಒಂದೇ ಕಾರ್ಖಾನೆಯಿಂದ. ಅಂದರೆ ಊಟಿ ಗಾಡಿ ಗಾಡ್ರೆಡ್‌ಗೆ ದೂರದ ದಾಯಾದಿ. ಇದನ್ನು ಹೇಳಿದ ಮೇಲೆ ಮಗಳು ಊಟಿ ರೈಲಿನಲ್ಲಿ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಬೆಟ್ಟ ನೋಡಲಿಲ್ಲ, ಬರೀ ಹಳಿ ನೋಡಿದಳು.

ಇಂಜಿನ್ ಅಂತ ಕೇಳಿದ್ದೀರಿ, ಆದರೆ ಡಬ್ಬಿಗಳನ್ನು ಬಿಟ್ಟರೆ ಮೋಸವಾಗುತ್ತೆ. 1960ರ ಪುಸ್ತಕದಲ್ಲಿ ಸ್ಕಾಟ್ಲೆಂಡಿನಿಂದ ಡೊನಾಲ್ಡ್ ಮತ್ತು ಡಗ್ಲಸ್ ಎಂಬ ಅವಳಿ ಇಂಜಿನ್‌ಗಳು ಬರುತ್ತವೆ. ಕೇಳಿದ್ದು ಒಂದೇ, ಬಂದಿದ್ದು ಎರಡು. ನಂಬರ್ ಫಲಕ ಇಲ್ಲದ್ದರಿಂದ ಯಾರು ಯಾರು ಅಂತ ರೈಲ್ವೆ ನಡೆಸುವ ಸಾಹೇಬರಿಗೆ ಗೊತ್ತಾಗಲ್ಲ. ಒಂದನ್ನು ವಾಪಸ್ ಕಳಿಸಿದರೆ ಅದು ಗುಜರಿಗೇ. ಇವರ ಸ್ಕಾಟಿಷ್ ಇಂಗ್ಲಿಷನ್ನು ನಾನು ಧಾರವಾಡ ಕಡೆಯ ಮಾತಿನಲ್ಲಿ ಓದುತ್ತಿದ್ದೆ, "ಯಾಕಲೇ ತಮ್ಮಾ, ಏನ್ ಮಾಡಾಕ್ಹತ್ತೀ?" ಅಂತ. ಅಪ್ಪನಿಗೆ ಇದು ಬಹಳ ಇಷ್ಟ. ಇವರ ಕಥೆಯಲ್ಲೊಂದು ಹೊಟ್ಟೆಕಿಚ್ಚಿನ ಗಾರ್ಡ್ ಡಬ್ಬಿ ಇದೆ. ಡಗ್ಲಸ್‌ಗೆ ಕೆಟ್ಟ ಹೆಸರು ಬರಲಿ ಅಂತ ಹಿಂದಿನಿಂದ ಎಳೆದು ಎಳೆದು ಗಾಡಿ ತಡ ಮಾಡಿಸುತ್ತೆ. ಒಂದು ದಿನ ಜೇಮ್ಸ್ ಎಂಬ ಇಂಜಿನ್‌ಗೆ ಏರು ಹತ್ತೋಕೆ ಆಗದೆ ಡಗ್ಲಸ್ ಹಿಂದಿನಿಂದ ಒತ್ತುತ್ತೆ. ನಡುವೆ ಸಿಕ್ಕಿದ ಡಬ್ಬಿ ಕಟ್ಟಿಗೆ ಚೂರು!

ಇನ್ನೊಂದು, ಎಸ್. ಸಿ. ರಫಿ ಎಂಬ ವ್ಯಾಗನ್. ಹೆಸರನ್ನು ಕೂಡಿಸಿ ಓದಿ, 'ಸ್ಕ್ರಫಿ' ಆಗುತ್ತೆ, ಅಂದರೆ ಕೊಳಕ. 1969ರ ಕಥೆ. ಆಲಿವರ್ ಎಂಬ ಇಂಜಿನ್ ತಿರುಗು ಹಳಿಯ ಗುಂಡಿಗೆ ಬಿದ್ದು ಮಾನ ಕಳಕೊಂಡಿರುತ್ತೆ. ರಫಿ ಉಳಿದ ವ್ಯಾಗನ್‌ಗಳನ್ನು ಕೂಡಿಸಿಕೊಂಡು ಅದನ್ನು ಆಡಿಕೊಳ್ಳುತ್ತೆ. ಆಲಿವರ್ ಹಳಿಗೆ ಮರಳು ಹಾಕಿಕೊಂಡು ಒಂದೇ ಸಮ ಜಗ್ಗುತ್ತೆ, ರಫಿ ಹಿಂದಕ್ಕೆ ಜಗ್ಗುತ್ತೆ, ರಫಿ ಕಿತ್ತು ಬರುತ್ತೆ. ಅವತ್ತಿನಿಂದ ವ್ಯಾಗನ್‌ಗಳೆಲ್ಲ ಆಲಿವರ್ ಕಂಡರೆ ಗಪ್‌ಚುಪ್. ಆಲಿವರ್‌ಗೆ ಈ ಉಪಾಯ ಹೇಳಿಕೊಟ್ಟಿದ್ದು ಟೋಡ್ ಎಂಬ ಗಾರ್ಡ್ ಡಬ್ಬಿ. ಬಹಳ ಮರ್ಯಾದಸ್ಥ, ಎಲ್ಲರಿಗೂ ಬಹುವಚನ. ನನ್ನ ಮೆಚ್ಚಿನ ಪಾತ್ರ ಅದೇ.

ಅದೇ ಪುಸ್ತಕದಲ್ಲಿ ಬಲ್ಜಿ ಎಂಬ ಕೆಂಪು ಬಸ್ ಇದೆ. 'ರೈಲ್ವೆ ಬಸ್' ಅಂತ ಸುಳ್ಳು ಬೋರ್ಡ್ ಹಾಕಿಕೊಂಡು ರೈಲಿನ ಜನರನ್ನು ಹೊತ್ತೊಯ್ಯೋಕೆ ಹೋಗಿ ಸೇತುವೆ ಕೆಳಗೆ ಸಿಕ್ಕಿಕೊಂಡಿತು. ಕೊನೆಗೆ ಹೊಲದಲ್ಲಿ ಕೋಳಿಗೂಡು ಆಯಿತು. ಇದಕ್ಕೆ ಮಾತ್ರ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ.

ಆಲಿವರ್ ಬಂದದ್ದೂ ತಪ್ಪಿಸಿಕೊಂಡೇ. 1968ರ ಪುಸ್ತಕದಲ್ಲಿ ಅದು ಟೋಡ್ ಮತ್ತು ಇಸಬೆಲ್ ಎಂಬ ಬೋಗಿಯ ಜೊತೆ ಗುಜರಿಯವರ ಕಣ್ಣು ತಪ್ಪಿಸಿ ಓಡುತ್ತೆ. ಕಲ್ಲಿದ್ದಲು ಮುಗಿದು ನಿಂತಾಗ ನಮ್ಮ ಧಾರವಾಡದ ಡಗ್ಲಸ್ ರಾತ್ರೋರಾತ್ರಿ ಎಳೆದುಕೊಂಡು ಬರುತ್ತೆ. ಆ ವರ್ಷ ಗಮನಿಸಿ. 1968ರ ಆಗಸ್ಟ್‌ನಲ್ಲೇ ಬ್ರಿಟಿಷ್ ರೈಲ್ವೆ ಮುಖ್ಯ ಹಳಿಗಳಲ್ಲಿ ಹಬೆ ಇಂಜಿನ್ ಓಡಿಸೋದು ನಿಲ್ಲಿಸಿತು. ಸಾವಿರಾರು ಇಂಜಿನ್ ಕಂಡಮ್ ಆದವು. ವೇಲ್ಸ್‌ನ ಬ್ಯಾರಿಯ ಗುಜರಿ ಅಂಗಳವೊಂದರಿಂದಲೇ ರೈಲು ಪ್ರೇಮಿಗಳು 213 ಇಂಜಿನ್‌ಗಳನ್ನು ಉಳಿಸಿಕೊಂಡರು. ಕಥೆಯಲ್ಲಿ ಉಳಿದದ್ದು ಒಂದು ಆಲಿವರ್, ಆದರೆ ಆಗ ಆ ಪುಸ್ತಕ ಓದಿದ ಅಪ್ಪಂದಿರಿಗೆ ಅದು ಯಾವ ಸುದ್ದಿ ಅಂತ ಗೊತ್ತಾಗದೆ ಇದ್ದಿರಲ್ಲ.

ಸುಮ್ನೆ ನಗಿಸಿ ಹೋಗುವವರೂ ಇದ್ದಾರೆ. 1957ರ ಕಥೆಯಲ್ಲಿ ಹೊರಗಿನ ರೈಲ್ವೆಯ ಒಂದು ಇಂಜಿನ್, ಹೆಸರಿಲ್ಲ, ಲಂಡನ್‌ನ ಸ್ಟೇಷನ್ ಅಂದರೆ ಯೂಸ್ಟನ್ ಅನ್ನುತ್ತೆ. ಡಕ್ ಎಂಬ ಇಂಜಿನ್ ಪ್ಯಾಡಿಂಗ್ಟನ್ ಅನ್ನುತ್ತೆ. ಗೋರ್ಡನ್ ಕಿಂಗ್ಸ್ ಕ್ರಾಸ್ ಅನ್ನುತ್ತೆ. ಒಂದೊಂದು ಕಂಪನಿಯೂ ಲಂಡನ್‌ನಲ್ಲಿ ತನ್ನದೇ ಸ್ಟೇಷನ್ ಕಟ್ಟಿತ್ತು, ಹಾಗಾಗಿ ಮೂರೂ ಸರಿ. ಗೋರ್ಡನ್ ಹಟ ಹಿಡಿದು ಲಂಡನ್‌ಗೆ ಹೋಗಿ ಬಂದು ಹೇಳೋದು, ಅದು ಮೂರೂ ಅಲ್ಲ, ಸೇಂಟ್ ಪ್ಯಾಂಕ್ರಾಸ್! ಬೆಂಗಳೂರಿನ ಸ್ಟೇಷನ್ ಯಾವುದು ಅಂತ ಮೆಜೆಸ್ಟಿಕ್‌ನವರನ್ನೂ ಯಶವಂತಪುರದವರನ್ನೂ ಒಟ್ಟಿಗೆ ಕೂರಿಸಿ ಕೇಳಿದ ಹಾಗೆ, ಅಲ್ವಾ? ಜಗಳ ಹಚ್ಚಿದ ಆ ಇಂಜಿನ್‌ಗೆ ಏನಾಯ್ತು ಅಂದರೆ ಏನೂ ಆಗಲಿಲ್ಲ, ತನ್ನೂರಿಗೆ ಹೋಯಿತು. ಎಲ್ಲದಕ್ಕೂ ಗತಿ ಕಾಣಿಸಬೇಕು ಅಂತೇನಿಲ್ಲ.

ಮಗನಿಗೆ ಓದಿಸೋದಾದರೆ ಅವಳಿ ಇಂಜಿನ್‌ಗಳ ಪುಸ್ತಕದಿಂದ ಶುರು ಮಾಡಿ, ಆಮೇಲೆ ಆಲಿವರ್. ಡ್ಯೂಕ್‌ನ ಪುಸ್ತಕ ಒಂದು ವರ್ಷ ಬಿಟ್ಟು ಓದಿದರೂ ಪರವಾಗಿಲ್ಲ. ಗಾಡ್ರೆಡ್ ಕಥೆಯನ್ನು ಮಾತ್ರ ಮಲಗುವ ಹೊತ್ತಿಗೆ ತೆಗೆಯಬೇಡಿ. ನಾನು ತೆಗೆದೆ. ರಾತ್ರಿ ಹನ್ನೊಂದೂವರೆಗೆ ಅಪ್ಪನಿಗೆ ಫೋನ್ ಮಾಡಿ ಎಬ್ಬಿಸಿ, ನಮ್ಮ ಸ್ಕೂಟರಿನ ಬ್ರೇಕ್ ಸರಿ ಇದೆ ಅಂತ ಅವರ ಬಾಯಿಂದಲೇ ಹೇಳಿಸಬೇಕಾಯಿತು.