ಅಂಗಳದಲ್ಲಿ ಸಂಪಿಗೆ ಹಚ್ಚಬಹುದಾ?

ಪ್ರಶ್ನೆ: ವಿಜಯಪುರದಲ್ಲಿ 30-40ರ ಸೈಟಿನಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಮುಂದೆ ಹತ್ತು ಅಡಿಯಷ್ಟು ಜಾಗ ಉಳಿದಿದೆ. ಎರೆಮಣ್ಣು, ಬೋರ್ ನೀರು. ನಮ್ಮ ಮನೆಯವರಿಗೆ ಸಂಪಿಗೆಯೇ ಬೇಕು. ನರ್ಸರಿಯವರು ‘ಸಂಪಿಗೆ ಯಾಕ್ರಿ, ಮ್ಯಾಗ್ನೋಲಿಯಾ ಒಯ್ಯಿರಿ, ಹೂವು ತಾಟಿನಷ್ಟು ಅಗಲ’ ಅಂತಾರೆ. ಪಕ್ಕದ ಮನೆಯ ಹಿರಿಯರು ಎರಡೂ ಬೇಡ, ಬೇರು ಪಾಯ ಒಡೀತದ, ವಾಸನೆಗೆ ಹಾವು ಬರ್ತಾವ ಅಂತ ಹೆದರಿಸಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ಸಂಪಿಗೆಯೂ ಮ್ಯಾಗ್ನೋಲಿಯಾನೇ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದಕ್ಕೆ ಮೈಕೇಲಿಯಾ ಚಂಪಕ ಅಂತ ಹೆಸರಿಟ್ಟಿದ್ದ. ಈಗ ಸಸ್ಯಶಾಸ್ತ್ರದವರು ಮ್ಯಾಗ್ನೋಲಿಯಾ ಚಂಪಕ ಅಂತ ಕರೆಯುತ್ತಾರೆ. ಬೆಳಗಾವಿ ಕಡೆ ಮರಾಠಿ ರೂಢಿಯಲ್ಲಿ ಸೋನಚಾಫಾ ಅಂತಾರಲ್ಲ, ಅದೂ ಇದೇ. ನರ್ಸರಿಯವರು ತೋರಿಸಿದ್ದು ಮ್ಯಾಗ್ನೋಲಿಯಾ ಗ್ರಾಂಡಿಫ್ಲೋರಾ ಇರಬೇಕು. ಅದು ಅಮೆರಿಕದ ಆಗ್ನೇಯ ಭಾಗದ ಮರ. ಎಲೆ ಚರ್ಮದ ಹಾಗೆ ದಪ್ಪ, ಮೇಲೆ ಎಣ್ಣೆ ಸವರಿದಂತೆ ಮಿರಮಿರ, ಕೆಳಗೆ ಕಂದು ಮಖಮಲ್ಲು. ಬಿಳಿ ಹೂವು ಎಂಟರಿಂದ ಹನ್ನೆರಡು ಇಂಚು ಅಗಲ ಅರಳುತ್ತದೆ, ಅದರಲ್ಲಿ ಅವರು ಸುಳ್ಳು ಹೇಳಿಲ್ಲ. ಆದರೆ ಅದು ನಿಧಾನದ ಗಿಡ. ಬೀಜದಿಂದ ಎದ್ದದ್ದಾದರೆ ಮೊದಲ ಹೂವಿಗೆ ಹತ್ತು ವರ್ಷ ದಾಟುತ್ತದೆ. ತವರಿನಲ್ಲಿ 60-80 ಅಡಿ ಬೆಳೆಯುತ್ತದೆ. ಬಿಸಿಲು ತಡೆಯುತ್ತದೆ, ಸರಿ, ಆದರೆ ಬುಡದಲ್ಲಿ ಸದಾ ತಂಪು ಬೇಕು, ಹುಳಿ ಅಂಶದ ಮಣ್ಣು ಬೇಕು. ವಿಜಯಪುರದ ಏಪ್ರಿಲ್‌ನಲ್ಲಿ, ಸವಳು ನೀರಿನಲ್ಲಿ ಅದನ್ನು ಸಾಕುವುದು ಅಂದ್ರೆ ಮನೆಯಲ್ಲಿ ಅಳಿಯನನ್ನು ಇಟ್ಟುಕೊಂಡ ಹಾಗೆ. ನನ್ನ ಮಾತು ಕೇಳುವುದಾದರೆ ಅದನ್ನು ಬಿಡಿ.

ಸಂಪಿಗೆಗೂ ಎರೆಮಣ್ಣು ಅಷ್ಟು ಇಷ್ಟವಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಮೂಲದಲ್ಲಿ ಘಟ್ಟದ ಮರ. ನೀರು ಬಸಿದು ಹೋಗುವ ಮಣ್ಣು ಬೇಕು. ಬೆಳಗಾವಿಯ ಕೆಂಪು ಮಣ್ಣಿನಲ್ಲಿ ಸುಮ್ನೆ ಹಚ್ಚಿ ಬಿಟ್ಟರೂ ಏಳುತ್ತದೆ, ಅಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಿಮ್ಮಲ್ಲಿ ಅದರ ಅರ್ಧ ಸಿಕ್ಕರೆ ದೊಡ್ಡದು. ಮೇಲಾಗಿ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಆಗ ಹೊಸ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ನಿಮ್ಮ ಊರಿನ ಯಾವ ದ್ರಾಕ್ಷಿ ಬೆಳೆಗಾರರನ್ನು ಕೇಳಿದರೂ ಗುರುತು ಹೇಳುತ್ತಾರೆ. ಉಪಾಯ ಇದೆ: ಲೀಟರ್ ನೀರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ಸಿಟ್ರಿಕ್ ಆಮ್ಲ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹದಿನೈದು ದಿನಕ್ಕೊಮ್ಮೆ ಎರಡು ಮೂರು ಸಲ. ಬಟ್ಟೆಗೆ, ಟೈಲ್ಸಿಗೆ ತಾಗಿಸಬೇಡಿ, ತುಕ್ಕಿನ ಕಲೆ ಹೋಗುವುದಿಲ್ಲ.

ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ನಿಮ್ಮದೇ ಊರಿನಲ್ಲಿ, ನಮ್ಮ ಅಕ್ಕನ ಮನೆ ಹಿತ್ತಲು. ಎರೆಮಣ್ಣು ಸರಿಯಿಲ್ಲ ಅಂತ ಮೂರು ಅಡಿ ಗುಂಡಿ ತೋಡಿ, ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ತರಿಸಿ ತುಂಬಿದೆ. ಬಹಳ ಶಾಣ್ಯಾತನ ಮಾಡಿದೆ ಅಂದುಕೊಂಡಿದ್ದೆ. ಮಳೆಗಾಲ ಬಂತು. ಸುತ್ತ ಎರೆಮಣ್ಣು ನೀರು ಬಿಡುವುದಿಲ್ಲ, ನಡುವೆ ಸಡಿಲ ಕೆಂಪು ಮಣ್ಣು, ಗುಂಡಿ ಸ್ನಾನದ ತೊಟ್ಟಿಯಾಯಿತು. ಆಗಸ್ಟ್‌ನಲ್ಲಿ ಎಲೆ ಜೋತುಬಿತ್ತು. ಅಕ್ಕ ನೀರು ಸಾಲದು ಅಂತ ಇನ್ನೂ ಎರಡು ಕೊಡ ಸುರಿದಳು. ಕಿತ್ತು ನೋಡಿದರೆ ಬೇರು ಕರ್ರಗಾಗಿ ಕೊಳೆತ ವಾಸನೆ, ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕೈಗೆ, ನಾರು ಮಣ್ಣಲ್ಲೇ. ಈ ಜಾತಿಯ ಬೇರುಗಳು ಮೊದಲೇ ಹಗ್ಗದ ಹಾಗೆ ಮೆತ್ತಗೆ ದಪ್ಪ, ಕವಲು ಕಡಿಮೆ. ಒಮ್ಮೆ ಕೊಳೆತರೆ ಮತ್ತೆ ಚಿಗುರುವುದು ಕಷ್ಟ.

ಅದಕ್ಕೇ ಹೇಳುತ್ತೇನೆ, ಎರೆಮಣ್ಣಿನಲ್ಲಿ ಆಳಕ್ಕೆ ಇಳಿಯಬೇಡಿ, ಮೇಲಕ್ಕೆ ಏರಿಸಿ. ಒಂದೂವರೆ ಅಡಿ ಎತ್ತರ, ನಾಲ್ಕೈದು ಅಡಿ ಅಗಲದ ದಿಬ್ಬ ಮಾಡಿ. ನಿಮ್ಮ ಮಣ್ಣಿಗೇ ಗರಸು, ಕೆಂಪು ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಕಲಸಿ. ಗಿಡ ಅದರ ನೆತ್ತಿಯ ಮೇಲೆ. ಬುಡಕ್ಕೆ ಒಣ ಎಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗದಿರಲಿ. ಜೂನ್-ಜುಲೈನಲ್ಲಿ ಹಚ್ಚಿದರೆ ಮೊದಲ ಬೇಸಿಗೆಯ ಹೊತ್ತಿಗೆ ಬೇರು ಹಿಡಿದಿರುತ್ತದೆ. ಆದರೂ ಮೊದಲೆರಡು ಬೇಸಿಗೆ ಪಡುವಣ ಬಿಸಿಲಿಗೆ ಶೇಡ್ ನೆಟ್ ಕಟ್ಟಿ, ಇಲ್ಲಾಂದ್ರೆ ಎಲೆ ಅಂಚು ಪಾಪಡದ ಹಾಗೆ ಸುಡುತ್ತದೆ.

ಇನ್ನು ಪಾಯದ ಮಾತು. ಹಿರಿಯರು ಹೇಳಿದ್ದರಲ್ಲಿ ಅರ್ಧ ನಿಜ. ಸಂಪಿಗೆ ಬೇರು ಆಲ, ಅರಳಿ ಹಾಗೆ ಗೋಡೆ ಸೀಳುವ ಜಾತಿಯಲ್ಲ. ತೊಂದರೆ ಬರುವುದು ಬೇರಿನ ಬಲದಿಂದಲ್ಲ, ಅದು ಕುಡಿಯುವ ನೀರಿನಿಂದ. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ನೋಡಿಲ್ವಾ? ಗೋಡೆ ಪಕ್ಕ ದೊಡ್ಡ ಮರ ಇದ್ದರೆ ಆ ಬದಿಯ ಮಣ್ಣಿನ ನೀರನ್ನು ಹೀರಿ ಒಣಗಿಸುತ್ತದೆ, ಇನ್ನೊಂದು ಬದಿ ಹಸಿ ಇರುತ್ತದೆ, ಮನೆಯ ಒಂದು ಮೂಲೆ ಮಾತ್ರ ಕೂರುತ್ತದೆ, ಆಮೇಲೆ ಕಿಟಕಿ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ. ಈ ಮಣ್ಣಿನಲ್ಲಿ ಮರ ಎಷ್ಟು ಎತ್ತರ ಆಗುತ್ತದೋ ಮನೆಯಿಂದ ಅಷ್ಟು ದೂರ ಇರಲಿ ಅನ್ನುವುದು ಒಳ್ಳೆ ಲೆಕ್ಕ. ಕಾಡಿನ ಸಂಪಿಗೆ ನೂರು ಅಡಿ ಮುಟ್ಟುತ್ತದೆ, ಅಂಗಳದ್ದೇ ಮೂವತ್ತು ನಲವತ್ತಕ್ಕೆ ಹೋಗುತ್ತದೆ. ನಿಮ್ಮ ಹತ್ತು ಅಡಿಯಲ್ಲಿ ಬೀಜದ ಸಂಪಿಗೆಗೆ ಜಾಗವೇ ಇಲ್ಲ.

ಕಸಿ ಗಿಡಕ್ಕೆ ಇದೆ. ಕೊಂಕಣದ ಕಡೆಯಿಂದ ಬರುವ ಕಸಿ ಸೋನಚಾಫಾ ಬೆಳಗಾವಿಯ ನರ್ಸರಿಗಳಲ್ಲಿ ಸಿಗುತ್ತದೆ. ಎರಡು ಮೂರು ವರ್ಷಕ್ಕೆ, ಕೆಲವೊಮ್ಮೆ ತಂದ ವರ್ಷವೇ ಹೂವು. ಮನೆಯಿಂದ ದೂರದ ಕಾಂಪೌಂಡ್ ಮೂಲೆಯಲ್ಲಿ ಹಚ್ಚಿ, ಆದರೆ ಅದು ಪಕ್ಕದವರ ಗೋಡೆಯ ಬುಡ ಆಗದಿರಲಿ. ಎಂಟು ಅಡಿಗೆ ತುದಿ ಚಿವುಟಿ, ಹೂವು ಮುಗಿದ ಮೇಲೆ ವರ್ಷಕ್ಕೊಮ್ಮೆ ಹಗುರಾಗಿ ಚಾಟನಿ ಮಾಡಿ, ಅಂದ್ರೆ ಕೊಂಬೆಯ ತುದಿ ಕತ್ತರಿಸಿ. ಹೊಸ ಚಿಗುರಿನಲ್ಲೇ ಹೂವು ಬರುವುದರಿಂದ ನಷ್ಟವಿಲ್ಲ. ದಪ್ಪ ಕೊಂಬೆ ಮಾತ್ರ ಕಡಿಯಬೇಡಿ, ಇದರ ಗಾಯ ಬೇಗ ಮಾಯುವುದಿಲ್ಲ.

ಹಾವಿನ ಮಾತು ಬಿಟ್ಟುಬಿಡಿ. ಹಾವು ಬರುವುದು ಇಲಿಗೆ, ಕಪ್ಪೆಗೆ. ಸಂಪಿಗೆ ವಾಸನೆ ಹುಡುಕಿ ಬರುವವು ಬೇರೆ, ಸಣ್ಣ ಜೀರುಂಡೆಗಳು. ಮ್ಯಾಗ್ನೋಲಿಯಾ ಬಳಗ ಜೇನ್ನೊಣಕ್ಕಿಂತ ಹಳೆಯದು, ಆ ಕಾಲದಿಂದಲೂ ಪರಾಗಸ್ಪರ್ಶದ ಕೆಲಸ ಹೆಚ್ಚಾಗಿ ಜೀರುಂಡೆಗಳದ್ದೇ. ದುಂಬಿ ಸಂಪಿಗೆಯನ್ನು ಮುಟ್ಟದು ಅಂತ ಹಳೆಯ ಕವಿಗಳು ಹೇಳುತ್ತ ಬಂದಿದ್ದಾರಲ್ಲ, ಅವರು ಹೂವಿನ ಹತ್ತಿರ ನಿಂತು ನೋಡಿದವರೇ ಇರಬೇಕು.

ಪ್ರಶ್ನೆ: ಬೆಳಗಾವಿ ಟಿಳಕವಾಡಿಯಲ್ಲಿ ನಮ್ಮದು ಹಳೆ ಮನೆ. ಅಜ್ಜ ಹಚ್ಚಿದ ಸಂಪಿಗೆ ಮರ ಈಗ ಮಾಡಿಗಿಂತ ಎತ್ತರ. ಎಲೆ ಬಿದ್ದು ಹಂಚಿನ ದೋಣಿ ಕಟ್ಟುತ್ತದೆ, ಕೆಳಗೆ ನಿಲ್ಲಿಸಿದ ಕಾರಿಗೆ ಅಂಟು ಹನಿಯುತ್ತದೆ. ಪಕ್ಕದವರು ಕಡಿಸಿ ಅಂತಿದ್ದಾರೆ.

ಉತ್ತರ: ಕಡಿಸುವುದು ನಿಮ್ಮೊಬ್ಬರ ಕೈಯಲ್ಲಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿಸುವ ಅಗತ್ಯವೂ ನನಗೆ ಕಾಣುತ್ತಿಲ್ಲ. ಅಂಟು ಮರದ್ದಲ್ಲ, ಶಲ್ಕ ಕೀಟದ್ದು. ಎಳೆ ಕಡ್ಡಿಯ ಮೇಲೆ ಅವರೆಕಾಳಿನ ಸಿಪ್ಪೆ ಅಂಟಿಸಿದಂತೆ ಕಂದು ಹೊಪ್ಪಳೆ ಕಾಣುತ್ತದೆ, ಉಗುರಿನಿಂದ ಕೆರೆದರೆ ಏಳುತ್ತದೆ. ಅವು ರಸ ಹೀರಿ ಸಿಹಿ ಅಂಟು ಬಿಡುತ್ತವೆ, ಅದರ ಮೇಲೆ ಕಾಡಿಗೆಯಂಥ ಬೂಜು ಬೆಳೆಯುತ್ತದೆ, ಇರುವೆ ಸಾಲು ಹತ್ತುತ್ತದೆ. ಕೈಗೆ ಸಿಗುವ ಕೊಂಬೆಗೆ ಬೇವಿನೆಣ್ಣೆ, ಲೀಟರಿಗೆ ಐದು ಎಂಎಲ್, ಸೋಪಿನ ನೀರಿನಲ್ಲಿ ಕಲಸಿ ಹೊಡೆಯಿರಿ. ತುದಿಗೆ ಹೊಡೆಯಲು ಆಗುವುದಿಲ್ಲ, ಕಾರನ್ನೇ ಆಚೆ ನಿಲ್ಲಿಸಿ. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಮಾತ್ರ ತಿಳಿದವರಿಂದ ತೆಗೆಸಿ. ಸಂಪಿಗೆ ಕೊಂಬೆ ಗಾಳಿಗೆ ಪಟ್ಟನೆ ಮುರಿಯುತ್ತದೆ, ಹಂಚಿನ ಮೇಲೆ ಬಿದ್ದರೆ ಕೆಲಸ ಜಾಸ್ತಿ. ಹೂವಿಗಾಗಿ ಹುಡುಗರನ್ನು ಹತ್ತಿಸಬೇಡಿ.

ಎಲೆ ತಿನ್ನುವ ದಪ್ಪ ಹಸಿರು ಹುಳ ಕಂಡರೆ ಕೊಲ್ಲಬೇಡಿ. ಕಪ್ಪು ರೆಕ್ಕೆಗೆ ಹಸಿರು ಚುಕ್ಕೆಯ ಚಿಟ್ಟೆ ಸಂಪಿಗೆಯ ಮೇಲೆ, ಕಂಬದಂತೆ ನೆಟ್ಟಗೆ ಬೆಳೆಯುವ ಅಶೋಕದ ಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಅದು. ಇಷ್ಟು ದೊಡ್ಡ ಮರಕ್ಕೆ ನಾಲ್ಕು ಎಲೆ ಲೆಕ್ಕವೇ ಅಲ್ಲ.

ಪ್ರಶ್ನೆ: ಬಾಗಲಕೋಟೆ ನವನಗರ. ಕಸಿ ಸಂಪಿಗೆ ಅಂತ ದುಡ್ಡು ಕೊಟ್ಟು ತಂದು ಐದು ವರ್ಷವಾಯಿತು. ಹನ್ನೆರಡು ಅಡಿ ಬೆಳೆದಿದೆ, ಒಂದು ಮೊಗ್ಗೂ ಇಲ್ಲ.

ಉತ್ತರ: ಬುಡದ ಹತ್ತಿರ ಬಾಗಿ ನೋಡಿ. ನೆಲದಿಂದ ಗೇಣಿನ ಒಳಗೆ ಕಾಂಡದಲ್ಲಿ ಗಂಟು, ಸ್ವಲ್ಪ ಸೊಟ್ಟ ಇರಬೇಕು. ಏನೂ ಇಲ್ಲದೆ ನೇರ ಎದ್ದಿದ್ದರೆ ನಿಮಗೆ ಕೊಟ್ಟದ್ದು ಬೀಜದ ಗಿಡ. ಅದಕ್ಕೆ ಏಳರಿಂದ ಹತ್ತು ವರ್ಷ ಬೇಕು. ಗಂಟು ಇದ್ದು, ಅದರ ಮೇಲೆ ಒಣಗಿದ ಸಣ್ಣ ಕಡ್ಡಿ ಉಳಿದಿದ್ದರೆ ಕಸಿ ಎಂದೋ ಸತ್ತಿದೆ, ಪಕ್ಕದಿಂದ ಬೇರುಗಿಡ, ಅಂದ್ರೆ ಕಸಿ ಕಟ್ಟಿದ ಕೆಳಗಿನ ಗಿಡ, ಚಿಗುರಿ ಮೇಲೆದ್ದಿದೆ. ನೀವು ಇಷ್ಟು ವರ್ಷ ನೀರು ಹಾಕಿದ್ದು ಅದಕ್ಕೆ. ಎರಡರಲ್ಲಿ ಯಾವುದೇ ಆಗಿರಲಿ, ಜಾಗ ಇದ್ದರೆ ಕಾಯಿರಿ, ಇನ್ನು ಮೂರ್ನಾಲ್ಕು ವರ್ಷಕ್ಕೆ ಅದೂ ಹೂ ಬಿಡುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ, ಎಲೆಯೇ ಬರುತ್ತದೆ. ಹೊಸದು ತರುವುದಾದರೆ ಮೊಗ್ಗು ಅಥವಾ ಹೂವು ಇರುವ ಗಿಡವನ್ನೇ ಆರಿಸಿ ತನ್ನಿ, ಗಂಟಿನ ಕೆಳಗಿಂದ ಬರುವ ಚಿಗುರನ್ನು ಕಂಡ ಕೂಡಲೇ ಬೆರಳಿನಿಂದ ಮುರಿದು ಹಾಕಿ.