ತೂತು ದುಂಡಗೆ ಬರ್ತಿಲ್ಲ ಸರ್, ಏನ್ ಮಾಡ್ಲಿ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಅಲ್ಯೂಮಿನಿಯಂ ಹಾಳೇನ ಆಕ್ಸಾಲಿಕ್ ಆಸಿಡ್‌ನಲ್ಲಿ 40 ವೋಲ್ಟ್ ಕೊಟ್ಟು ಆನೊಡೈಸ್ ಮಾಡ್ತಿದೀನಿ, ಅಂದ್ರೆ ಕರೆಂಟ್ ಹರಿಸಿ ಲೋಹದ ಮೇಲೆ ಆಕ್ಸೈಡ್ ಪದರ ಬೆಳೆಸ್ತಿದೀನಿ. ನ್ಯಾನೊ ತೂತುಗಳು ಬರ್ತವೆ, ಆದ್ರೆ ಮೇಲಿಂದ ನೋಡಿದ್ರೆ ಒಂದು ದುಂಡಗೆ, ಒಂದು ಸೊಟ್ಟಗೆ. ಆಕಾರ ನಮ್ಮ ಕೈಲಿದೆಯಾ? ಲಾಳಿಕೆ ಥರದ್ದು ಮಾಡಕ್ಕಾಗುತ್ತಾ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಆಕಾರ ಕೈಲಿದೆ ಕಣಮ್ಮಾ, ಬಹಳ ಮಟ್ಟಿಗೆ. ನೀವು ನೋಡ್ತಿರೋದು ಮೇಲ್ಗಡೆ, ಅಲ್ಲಿ ತೂತು ಎಲ್ಲೆಲ್ಲೋ ಶುರುವಾಗಿರ್ತವೆ, ಕೆಳಗಿಳೀತಾ ಇಳೀತಾ ಒಂದನ್ನೊಂದು ತಳ್ಕೊಂಡು ಜೇನುಗೂಡಿನ ಥರ ಸಾಲಾಗ್ತವೆ. ಬಹಳ ಹೊತ್ತು ಬಿಟ್ರೆ ಹೀಗೆ ಆಗುತ್ತೆ ಅಂತ 1995ರಲ್ಲಿ ಜಪಾನಿನ ಮಸುದಾ ಮತ್ತು ಫುಕುದಾ ತೋರಿಸಿದ್ರು, ಮರುವರ್ಷ ಬಂದ ಉಪಾಯ ಅಂದ್ರೆ ಎರಡು ಸಲ ಆನೊಡೈಸ್ ಮಾಡೋದು. ಮೊದಲ ಪದರಾನ ಫಾಸ್ಫಾರಿಕ್-ಕ್ರೋಮಿಕ್ ಆಸಿಡ್ ಮಿಶ್ರಣದಲ್ಲಿ ಕರಗಿಸಿಬಿಟ್ರೆ ಕೆಳಗಿನ ಲೋಹದ ಮೇಲೆ ಸಾಲುಸಾಲು ಗುಳಿ ಉಳಿಯುತ್ತೆ, ಎರಡನೇ ಸಲ ತೂತು ಆ ಗುಳಿಯಿಂದಾನೇ ಹುಟ್ಟುತ್ತೆ, ಆಗ ಬಾಯಿಂದ ತಳದವರೆಗೂ ನೇರ. ನಿಮಗೆ ಮೊದಲು ಬೇಕಾಗಿರೋದು ಇದೇ.

ವೋಲ್ಟೇಜ್ ಮುಖ್ಯವಾಗಿ ತೂತಿನಿಂದ ತೂತಿಗೆ ಇರೋ ದೂರಾನ ತೀರ್ಮಾನಿಸುತ್ತೆ, ಒಂದು ವೋಲ್ಟಿಗೆ ಸುಮಾರು 2.5 ನ್ಯಾನೊಮೀಟರ್, ಅಂದ್ರೆ ನಿಮ್ಮ 40ಕ್ಕೆ 100. ಆಸಿಡ್ ಬದಲಾದ್ರೆ ವೋಲ್ಟೇಜೂ ಬದಲಾಗ್ಬೇಕು: ಸಲ್ಫ್ಯೂರಿಕ್‌ಗೆ 25, ಫಾಸ್ಫಾರಿಕ್‌ಗೆ 195ರ ಹತ್ತಿರ ಸಾಲು ಚೆನ್ನಾಗಿ ಬರುತ್ತೆ. ಆಸಿಡ್ ತಣ್ಣಗಿಟ್ಟು ಕಲಕ್ತಾನೇ ಇರಿ, ಇಲ್ದಿದ್ರೆ ಒಂದು ಕಡೆ ಬಿಸಿಯಾಗಿ ಪದರ ಸುಟ್ಟುಹೋಗುತ್ತೆ.

ಲಾಳಿಕೆ ವಿಷಯ ನನಗೆ ತುಂಬಾ ಇಷ್ಟದ್ದು. ಸ್ವಲ್ಪ ಹೊತ್ತು ಆನೊಡೈಸ್ ಮಾಡಿ, ಕರೆಂಟ್ ತೆಗೆದು, 5% ಫಾಸ್ಫಾರಿಕ್ ಆಸಿಡ್‌ನಲ್ಲಿ 30 ಡಿಗ್ರಿಯಲ್ಲಿ ಕೆಲವು ನಿಮಿಷ ಬಿಡಿ, ಗೋಡೆ ಕರಗಿ ತೂತು ಅಗಲವಾಗುತ್ತೆ. ಮತ್ತೆ ಆನೊಡೈಸ್, ಮತ್ತೆ ಆಸಿಡ್, ಹೀಗೆ ನಾಲ್ಕೈದು ಸಲ. ಮೇಲಿನ ಭಾಗ ಪ್ರತಿ ಸಲಾನೂ ಕರಗೋದ್ರಿಂದ ಅಗಲ, ತಳದ್ದು ಕೊನೇ ಸಲ ಮಾತ್ರ ಕರಗಿದ್ದು, ಅದಕ್ಕೇ ಚೂಪು. ಸುತ್ತು ಕಡಿಮೆಯಾದ್ರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ, ಜಾಸ್ತಿ ಮಾಡಿದಷ್ಟೂ ಗೋಡೆ ನುಣುಪು. ಎಲ್ಲಾ ಮುಗಿದ್ಮೇಲೆ ಒಂದೇ ಸಲ ಆಸಿಡ್‌ಗೆ ಹಾಕಿದ್ರೆ ಬರೀ ದಪ್ಪ ಕೊಳವೆ ಸಿಗುತ್ತೆ, ಲಾಳಿಕೆ ಅಲ್ಲ.

ಮಧ್ಯದಲ್ಲಿ ವೋಲ್ಟೇಜನ್ನ 40ರಿಂದ ಸುಮಾರು 28ಕ್ಕೆ ಇಳಿಸಿದ್ರೆ ಒಂದೊಂದು ತೂತೂ ಕವಲೊಡೆದು ಎರಡಾಗುತ್ತೆ. ಚೌಕ, ತ್ರಿಕೋನಾನೂ ಬಂದಿದೆ, ಆದ್ರೆ ಅದಕ್ಕೆ ಮೊದಲೇ ಅಚ್ಚೊತ್ತಿ ಆ ವಿನ್ಯಾಸದಲ್ಲೇ ಗುಳಿ ಮಾಡ್ಬೇಕು. ಗುಳಿಗಳ ದೂರಕ್ಕೆ ವೋಲ್ಟೇಜ್ ಹೊಂದ್ಬೇಕು. ಪ್ರಾಜೆಕ್ಟ್ ಸಮಯದಲ್ಲಿ ಅದು ಕಷ್ಟ, ಲಾಳಿಕೆಗೇ ಅಂಟ್ಕೊಳ್ಳಿ.

ಕ್ರೋಮಿಕ್ ಆಸಿಡ್ ಕ್ಯಾನ್ಸರ್ ತರೋ ವಸ್ತು ಕಣಮ್ಮಾ, ಗ್ಲೌಸ್ ಇಲ್ದೆ ಮುಟ್ಬೇಡಿ, ಫ್ಯೂಮ್ ಹುಡ್ (ಲ್ಯಾಬ್‌ನಲ್ಲಿ ಹೊಗೆ ಹೊರಗೆಳೆಯೋ ಗೂಡು) ಒಳಗೇ ಬಿಸಿ ಮಾಡಿ, ಉಳಿದದ್ದನ್ನ ಸಿಂಕ್‌ಗೆ ಸುರೀದೆ ಬೇರೆ ಬಾಟ್ಲಿಗೆ ಹಾಕಿ ಹೆಸರು ಬರೆದು ಗೈಡ್‌ಗೆ ಕೊಡಿ.