ಬಗ್ಗಿದರೆ ಕೈ ಮೊಣಕಾಲಿಗೇ ನಿಲ್ಲುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 44 ವರ್ಷ. ದಿನಕ್ಕೆ ಎಂಟೊಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಹೋದ ತಿಂಗಳು ಮೊಬೈಲ್‌ನಲ್ಲಿ ವಿಡಿಯೊ ನೋಡಿಕೊಂಡು ಯೋಗ ಶುರು ಮಾಡಿದೆ. ನಿಂತು ಬಗ್ಗಿದರೆ ಕೈ ಮೊಣಕಾಲಿನಿಂದ ಕೆಳಗೆ ಇಳಿಯುವುದೇ ಇಲ್ಲ. ಎರಡು ದಿನ ಜೋರು ಮಾಡಿ ಬಗ್ಗಿದ್ದಕ್ಕೆ ಸೊಂಟ ಹಿಡಿದುಕೊಂಡಿತು. ಈಗ ನೋವಿಲ್ಲ. ನನ್ನಂಥವರು ಯಾವ ಆಸನದಿಂದ ಶುರು ಮಾಡಬೇಕು? ಬಿಪಿ ಮಾತ್ರೆಯೂ ನಡೆಯುತ್ತಿದೆ.
– ದಾವಣಗೆರೆಯ ಓದುಗರು

ಉತ್ತರ: ಸೊಂಟ ಯಾಕೆ ಹಿಡಿಯಿತು ಅಂತ ಮೊದಲು ನೋಡೋಣ. ದಿನವಿಡೀ ಕುರ್ಚಿಯಲ್ಲಿ ಕೂರುವ ಎಷ್ಟೋ ಜನರಿಗೆ ತೊಡೆಯ ಹಿಂಬದಿಯ ಸ್ನಾಯು ಬಿಗಿಯಾಗಿರುತ್ತದೆ. ಅದರ ಮೇಲ್ತುದಿ ಅಂಟಿಕೊಂಡಿರುವುದು ಸೊಂಟದ ಮೂಳೆಗೆ. ನಾವು ಬಗ್ಗುವಾಗ ಆ ಮೂಳೆ ಮುಂದಕ್ಕೆ ವಾಲಬೇಕು. ಸ್ನಾಯು ಬಿಗಿಯಿದ್ದರೆ ಅದನ್ನು ವಾಲಲು ಬಿಡುವುದಿಲ್ಲ. ಆಗ ಎಳೆತವೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ಹಾಗಾಗಿ ಬಗ್ಗುವಾಗ ಮೊಣಕಾಲು ಸ್ವಲ್ಪ ಮಡಚಿ. ಅಂಗೈಯ ಅಂಚನ್ನು ತೊಡೆಸಂದಿಗೆ ಇಟ್ಟುಕೊಂಡು ಅಲ್ಲಿಂದಲೇ ಬಗ್ಗಿ ನೋಡಿ. ಕೈ ಎಲ್ಲಿಗೆ ಮುಟ್ಟಿತು ಅನ್ನುವ ಲೆಕ್ಕ ಸದ್ಯಕ್ಕೆ ಬೇಡವೇ ಬೇಡ.

ಬೇಜಾರು ಮಾಡಿಕೊಳ್ಳಬೇಡಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡವರು. ಮೈಸೂರಿನಲ್ಲಿ ಯೋಗ ಶುರು ಮಾಡಿದಾಗ ಅವರ ಕೈಯೂ ಮೊಣಕಾಲಿನ ಹತ್ತಿರವೇ ನಿಲ್ಲುತ್ತಿತ್ತಂತೆ. ಮುಂದೆ ಆಸರೆಗಾಗಿ ಇಟ್ಟಿಗೆ, ಪಟ್ಟಿ, ಕುರ್ಚಿಗಳನ್ನು ಯೋಗದ ಪಾಠದೊಳಗೆ ತಂದವರೂ ಅವರೇ.

ನೀವು ತಾಡಾಸನದಿಂದ ಶುರು ಮಾಡಿ. ‘ಸುಮ್ನೆ ನಿಲ್ಲೋದಕ್ಕೆ ಕ್ಲಾಸಿಗೆ ಬರಬೇಕಾ?’ ಅಂತ ನನ್ನ ತರಗತಿಗೆ ಬರುವವರೂ ಕೇಳುತ್ತಾರೆ. ಅವರಿಗೆ ಬಾಗಿಲಲ್ಲಿ ಬಿಟ್ಟ ಚಪ್ಪಲಿ ತಿರುಗಿಸಿ ನೋಡಲು ಹೇಳುತ್ತೇನೆ. ಹಿಮ್ಮಡಿಯ ಹೊರಗಿನ ಅಂಚು ಸ್ವಲ್ಪ ಸವೆಯುವುದು ಸಹಜ. ಆದರೆ ಒಂದು ಚಪ್ಪಲಿ ಜಾಸ್ತಿ, ಇನ್ನೊಂದು ಕಡಿಮೆ ಸವೆದಿದ್ದರೆ ಭಾರ ಎರಡೂ ಕಾಲಿಗೆ ಸಮನಾಗಿ ಬೀಳುತ್ತಿಲ್ಲ ಅಂತ ಅರ್ಥ. ಬರಿಗಾಲಲ್ಲಿ ನಿಂತು, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ ಮೂರೂ ನೆಲಕ್ಕೆ ಒತ್ತಿದೆಯಾ ನೋಡಿಕೊಳ್ಳಿ. ಒಂದು ನಿಮಿಷ ಹಾಗೆ ನಿಂತರೆ ತೊಡೆಯಲ್ಲಿ ಕೆಲಸ ನಡೆಯುವುದು ಗೊತ್ತಾಗುತ್ತದೆ.

ಆಮೇಲೆ ಮಾರ್ಜಾಲಾಸನ. ಬೆಕ್ಕಿನ ಹಾಗೆ ಕೈ, ಮಂಡಿ ಊರಿ. ಉಸಿರು ತೆಗೆದುಕೊಳ್ಳುತ್ತಾ ಬೆನ್ನು ತಗ್ಗಿಸಿ, ಬಿಡುತ್ತಾ ಗೂನು ಮಾಡಿ. ನಿಧಾನಕ್ಕೆ ಎಂಟು ಹತ್ತು ಸಲ. ಕೂತು ಕೂತು ಮರಗಟ್ಟಿದ ಬೆನ್ನಿಗೆ ಇದರಷ್ಟು ಹಿತವಾದದ್ದು ಕಡಿಮೆ.

ಮೂರನೆಯದು ಭುಜಂಗಾಸನ, ಬೋರಲು ಮಲಗಿ ಎದೆ ಎತ್ತುವುದು. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಕೈಯಿಂದ ನೆಲ ಒತ್ತಿ ಎದೆಯನ್ನು ಎಷ್ಟಾಗುತ್ತದೋ ಅಷ್ಟು ಎತ್ತುವುದು. ಎದೆ ಎತ್ತಿದ ಮೇಲೆ ಅಂಗೈಗಳನ್ನು ಒಂದು ಕ್ಷಣ ನೆಲದಿಂದ ಬಿಡಿಸಿ. ಎದೆ ಕೆಳಗಿಳಿದು ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಬೆನ್ನಿನ ನಿಜವಾದ ಶಕ್ತಿ. ನಾಲ್ಕೇ ಬೆರಳು ಎತ್ತರವಾದರೂ ಪರವಾಗಿಲ್ಲ. ಬೆನ್ನಿನ ಸ್ನಾಯು ಗಟ್ಟಿಯಾಗುವುದು ಅಲ್ಲಿಯೇ.

ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನವನ್ನು ಗೋಡೆ ಪಕ್ಕ ಮಾಡಿ. ಪಾದವನ್ನು ಕಣಕಾಲಿಗೆ ಒರಗಿಸಿದರೂ ಸಾಕು, ಮಂಡಿಯ ಮೇಲೆ ಮಾತ್ರ ಒತ್ತಬೇಡಿ. ಕೊನೆಗೆ ಐದು ನಿಮಿಷ ಶವಾಸನ. ಎಲ್ಲ ಸೇರಿ ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕೈದು ದಿನ. ಊಟವಾಗಿ ಮೂರು ಗಂಟೆಯಾದರೂ ಆಗಿರಲಿ.

ಇನ್ನು ಬಿಪಿ. ಯೋಗ ಶುರು ಮಾಡಿದೆ ಅಂತ ಮಾತ್ರೆ ನಿಲ್ಲಿಸಬೇಡಿ, ಆ ತೀರ್ಮಾನ ಡಾಕ್ಟರದ್ದು. ಉಸಿರು ಬಿಗಿಹಿಡಿಯಬೇಡಿ. ಶೀರ್ಷಾಸನ, ಸರ್ವಾಂಗಾಸನದ ಗೊಡವೆ ಬೇಡ. ಶವಾಸನದಿಂದ ಧಡಕ್ಕನೆ ಎದ್ದರೆ ತಲೆ ಸುತ್ತಬಹುದು, ಮಗ್ಗುಲಿಗೆ ಹೊರಳಿ ಸ್ವಲ್ಪ ಹೊತ್ತು ಕೂತು ಏಳಿ. ಬಗ್ಗುವಾಗ ತೊಡೆಯ ಹಿಂಬದಿಯ ನಡುಭಾಗದಲ್ಲಿ ಎಳೆದಂತಾದರೆ ಚಿಂತೆಯಿಲ್ಲ. ಸೊಂಟದಿಂದ ಕಾಲಿಗೆ ಕರೆಂಟ್ ಹೊಡೆದಂತೆ ನೋವು ಇಳಿದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಊಟವಾದ ಮೇಲೆ ವಜ್ರಾಸನ ಒಳ್ಳೆಯದು ಅಂತಾರೆ. ನನಗೆ 58, ಮಂಡಿ ನೋವಿದೆ. ಮಾಡಬಹುದಾ?
– ಶಿರಸಿಯ ಓದುಗರು

ಉತ್ತರ: ಊಟದ ನಂತರ ಕೂರಬಹುದಾದ ಆಸನ ಅದು, ನಿಜ. ಆದರೆ ಮಂಡಿ ಪೂರ್ತಿ ಮಡಚಿ ಹಿಮ್ಮಡಿಯ ಮೇಲೆ ಕೂರಬೇಕಲ್ವಾ? ಮೀನಖಂಡ ಮತ್ತು ತೊಡೆಯ ನಡುವೆ ದಪ್ಪ ದಿಂಬು ಇಟ್ಟುಕೊಂಡು ಒಂದು ನಿಮಿಷ ಕೂತು ನೋಡಿ. ಆಗಲೂ ಮಂಡಿ ಚುಚ್ಚಿದರೆ ಬಿಟ್ಟುಬಿಡಿ. ಉಂಡ ಮೇಲೆ ಅಂಗಳದಲ್ಲಿ ಹತ್ತು ನಿಮಿಷ ನಿಧಾನಕ್ಕೆ ಓಡಾಡಿ, ಹೊಟ್ಟೆಗೆ ಅದೂ ಒಳ್ಳೆಯದೇ.